ಹರಾಜು ಕೂಗಿ ಕೈ ಎತ್ತಿದರೆ ನಷ್ಟ ಯಾರಿಗೆ?

2025ರ ನವೆಂಬರ್ ಕೊನೆಯ ವಾರ. ಹರಿಯಾಣದ ಸಾರಿಗೆ ಇಲಾಖೆ ಎಂದಿನಂತೆ ಫ್ಯಾನ್ಸಿ ನಂಬರುಗಳನ್ನು ಆನ್‌ಲೈನ್ ಹರಾಜಿಗೆ ಇಟ್ಟಿತ್ತು. ಅದರಲ್ಲಿ ಒಂದು ಎಚ್‌ಆರ್ 88 ಬಿ 8888. ಇಂಗ್ಲಿಷಿನ ಬಿ ಅಕ್ಷರ ದೂರದಿಂದ 8ರ ಹಾಗೇ ಕಾಣುತ್ತದೆ. ಕಾರಿನ ಹಿಂದೆ ನಿಂತು ನೋಡಿದರೆ ಸಾಲಾಗಿ ಎಂಟುಗಳೇ. ಮೂಲ ಬೆಲೆ 50 ಸಾವಿರ ರೂಪಾಯಿ. 45 ಜನ ಅರ್ಜಿ ಹಾಕಿದ್ದರು. ಬುಧವಾರ ಸಂಜೆ ಹರಾಜು ಮುಗಿದಾಗ ಬೆಲೆ 1.17 ಕೋಟಿಗೆ ಹೋಗಿ ನಿಂತಿತ್ತು. ದೇಶದಲ್ಲೇ ದುಬಾರಿ ನಂಬರ್ ಪ್ಲೇಟ್ ಅಂತ ಟಿವಿಯವರು ಕುಣಿದಾಡಿದರು.

ಆಮೇಲೆ ದುಡ್ಡು ಕಟ್ಟುವ ದಿನ ಬಂತು. ಡಿಸೆಂಬರ್ 1. ಗೆದ್ದವರು ಕಟ್ಟಲಿಲ್ಲ. ಒಂದು ನಂಬರಿಗೆ ಇಷ್ಟೊಂದು ದುಡ್ಡು ಸುರಿಯುವುದು ಬೇಡ ಅಂತ ಮನೆಯ ಹಿರಿಯರು ಹೇಳುತ್ತಿದ್ದಾರೆ ಎಂಬ ಮಾತು ಸುದ್ದಿಯಲ್ಲಿ ಬಂತು. ಅವರು ಮೊದಲೇ ಕಟ್ಟಿದ್ದ 11 ಸಾವಿರ ರೂಪಾಯಿ ಠೇವಣಿ ಮುಟ್ಟುಗೋಲಾಯಿತು. ಸಾರಿಗೆ ಸಚಿವ ಅನಿಲ್ ವಿಜ್ ಸಿಟ್ಟಾದರು. ಇಷ್ಟು ಕೂಗುವ ತಾಕತ್ತು ಆ ವ್ಯಕ್ತಿಗೆ ನಿಜವಾಗಿ ಇದೆಯಾ, ಆಸ್ತಿಪಾಸ್ತಿ ತನಿಖೆ ಮಾಡಿ ಎಂದು ಆದೇಶ ಕೊಟ್ಟರು.

ಎಲ್ಲರೂ ಆ ತನಿಖೆಯ ಬಗ್ಗೆ ಮಾತಾಡಿದರು. ನನ್ನ ಕಣ್ಣು ಹೋಗಿದ್ದು ಮಾತ್ರ ಆ 11 ಸಾವಿರದ ಮೇಲೆ. ಲೆಕ್ಕ ಹಾಕಿ ನೋಡಿ. 1.17 ಕೋಟಿಗೆ 11 ಸಾವಿರ ಅಂದರೆ, ಕೂಗಿದ ಪ್ರತಿ ಸಾವಿರ ರೂಪಾಯಿಗೆ 94 ಪೈಸೆ. ಕೋಟಿ ಕೂಗಿದರೂ ಠೇವಣಿ ಅದೇ 11 ಸಾವಿರ, 60 ಸಾವಿರ ಕೂಗಿದರೂ ಅದೇ. ಬೆಲೆ ಏರಿದ ಹಾಗೆ ಕೂಗಿದವನ ತಲೆಯ ಮೇಲಿನ ಭಾರ ಒಂದು ಗ್ರಾಂ ಕೂಡ ಜಾಸ್ತಿಯಾಗಲಿಲ್ಲ. ಇಂಥ ಹರಾಜಿನಲ್ಲಿ ಯಾರಾದರೂ ಕೂಗಿ ಗೆದ್ದು, ದುಡ್ಡು ಕೊಡದೆ ಕೈ ಎತ್ತಿದರೆ ಅವರನ್ನು ಬೈಯುವ ಮೊದಲು ನಿಯಮ ಬರೆದವರನ್ನು ಒಂದು ಮಾತು ಕೇಳಬೇಕು, ಅಲ್ವಾ?

ಇದು ಮೊದಲ ಸಲವೂ ಅಲ್ಲ. 2023ರ ಫೆಬ್ರವರಿಯಲ್ಲಿ ಹಿಮಾಚಲದ ಕೋಟ್‌ಖಾಯಿಯಲ್ಲಿ ಎಚ್‌ಪಿ 99-9999 ಎಂಬ ಸ್ಕೂಟರ್ ನಂಬರಿಗೆ ಇದೇ ನಾಟಕ ಆಗಿತ್ತು. ಮೂಲ ಬೆಲೆ 1 ಸಾವಿರ. ಕೂಗಿದ್ದು 1.12 ಕೋಟಿ. ಸ್ಕೂಟರ್ ಬೆಲೆ ಲಕ್ಷದ ಆಸುಪಾಸು, ನಂಬರಿನ ಬೆಲೆ ಅದರ ನೂರು ಪಟ್ಟು! ದುಡ್ಡು ಮಾತ್ರ ಬರಲಿಲ್ಲ.

ನಮ್ಮ ಕಡೆ ಜಾತ್ರೆ ಮುಗಿದ ಮೇಲೆ ದೇವರಿಗೆ ಬಂದ ಸೀರೆ, ಬಾಳೆಗೊನೆ, ತೆಂಗಿನಕಾಯಿಗಳನ್ನು ಗುಡಿಯ ಮುಂದೆ ಹರಾಜು ಹಾಕುವುದನ್ನು ನೀವು ನೋಡಿರುತ್ತೀರಿ. ಉತ್ತರ ಕರ್ನಾಟಕದಲ್ಲಿ ಲಿಲಾವು ಅಂತಲೂ ಸವಾಲು ಅಂತಲೂ ಹೇಳುತ್ತಾರೆ. ಒಂದನೇ ಸಾರಿ, ಎರಡನೇ ಸಾರಿ, ಮೂರನೇ ಸಾರಿ. ಮುಗಿಯಿತು. ಅಲ್ಲಿ ಠೇವಣಿ ಇಲ್ಲ, ಕರಾರು ಪತ್ರ ಇಲ್ಲ. ಒಂದು ನಿಂಬೆಹಣ್ಣಿಗೆ ಸಾವಿರಗಟ್ಟಲೆ ಕೂಗುವವರೂ ಇರುತ್ತಾರೆ. ಆದರೂ ಕೂಗಿದವರು ಕೊಡುತ್ತಾರೆ. ಯಾಕೆಂದರೆ ಎದುರಿಗೆ ಇಡೀ ಊರು ನಿಂತಿದೆ. ಬೀಗರು ನಿಂತಿದ್ದಾರೆ. ಮೇಲಿಂದ ದೇವರ ಭಯ ಬೇರೆ. ಕೊಡದೆ ಹೋದರೆ ಮುಂದಿನ ಜಾತ್ರೆಯವರೆಗೂ ಅದೇ ಮಾತು.

ಆನ್‌ಲೈನ್ ಹರಾಜು ಈ ಊರನ್ನು ತೆಗೆದುಹಾಕಿತು. ಉಳಿದದ್ದು ಒಂದು ಮೊಬೈಲ್, ಒಂದು ಬಳಕೆದಾರ ಹೆಸರು, ಒಂದು ಬಟನ್. ಊರಿನ ಜಾಗದಲ್ಲಿ ಏನನ್ನಾದರೂ ಇಡಲೇಬೇಕಿತ್ತು. ಅದನ್ನು ಇಟ್ಟ ಕಡೆ ಹರಾಜು ನಡೆಯುತ್ತಿದೆ. ಇಡದ ಕಡೆ ನಾಟಕ ನಡೆಯುತ್ತಿದೆ.

ಸಣ್ಣ ಮಟ್ಟದಲ್ಲಿ ಇದು ಹೇಗಿರುತ್ತದೆ ಅಂತ ನನಗೆ ಗೊತ್ತಾಗಿದ್ದು ಸ್ನೇಹಿತರೊಬ್ಬರಿಂದ. ಅವರಿಗೆ ಹಳೆಯ ಎಚ್‌ಎಂಟಿ ವಾಚುಗಳ ಹುಚ್ಚು. ಬೆಂಗಳೂರಿನಲ್ಲಿ 1961ರಲ್ಲಿ ಶುರುವಾದ ಈ ವಾಚಿನ ಕಾರ್ಖಾನೆಗಳು 2016ರ ಹೊತ್ತಿಗೆ ಬಾಗಿಲು ಹಾಕಿದವು. ಆಮೇಲೆ ಜನತಾ, ಪೈಲಟ್, ಕಾಂಚನ್ ಅಂತ ಹುಡುಕಿ ಕೊಳ್ಳುವವರ ಸಂಖ್ಯೆ ಏರಿತು. ನನ್ನ ಸ್ನೇಹಿತರು ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಭಾನುವಾರ ರಾತ್ರಿ ಹರಾಜು ಹಾಕುತ್ತಾರೆ. ಒಂದು ಸಲ ಕಪ್ಪು ಡಯಲಿನ ಪೈಲಟ್ ಇಟ್ಟಿದ್ದರು. ಮೂಲ ಬೆಲೆ 800. ಹನ್ನೆರಡು ಜನ ಕೂಗಿದರು. 1,800ಕ್ಕೆ ಬಹಳ ಜನ ನಿಂತರು. ಆಮೇಲೆ ಇಬ್ಬರೇ ಜಿದ್ದಿಗೆ ಬಿದ್ದು ನೂರು ನೂರು ಏರಿಸುತ್ತಾ ಹೋದರು. ಕೊನೆಗೆ ಒಬ್ಬರು 3,200ಕ್ಕೆ ನಿಂತರು, ಇನ್ನೊಬ್ಬರು 3,300 ಕೂಗಿ ಗೆದ್ದರು. ಗುಂಪಿನ ತುಂಬ ಚಪ್ಪಾಳೆ ಚಿತ್ರಗಳು.

ಸೋಮವಾರ ಗೆದ್ದವರು ಉತ್ತರ ಕೊಡಲಿಲ್ಲ. ಮಂಗಳವಾರ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಬುಧವಾರ ರಾತ್ರಿ ಒಂದು ಸಾಲು: "ಸಾರ್, ಮನೇಲಿ ಬೈತಾ ಇದಾರೆ, ಬೇಡ ಬಿಡಿ."

ಸ್ನೇಹಿತರು ಎರಡನೆಯವರಿಗೆ ಫೋನ್ ಮಾಡಿದರು. "3,200ಕ್ಕೆ ನೀವು ತಗೊಳ್ತೀರಾ?" ಅವರು ಕೇಳಿದ ಪ್ರಶ್ನೆ ಇದು: "ಅವನು ಇಲ್ದೇ ಇದ್ದಿದ್ರೆ ನಾನು 1,900ಕ್ಕೆ ಮುಗಿಸ್ತಾ ಇದ್ದೆ. ಅವನ ಸುಳ್ಳು ಕೂಗಿಗೆ ನಾನ್ಯಾಕೆ 1,300 ಜಾಸ್ತಿ ಕೊಡ್ಲಿ?"

ಇಡೀ ವಿಷಯದ ಗಂಟು ಈ ಪ್ರಶ್ನೆಯಲ್ಲೇ ಇದೆ. ಕೊಳ್ಳುವವನು ಹಿಂದೆ ಸರಿದರೆ ಹೋಗುವುದು ಅವನ ಬಿಡ್ ಒಂದೇ ಅಲ್ಲ. ಅವನು ಏರಿಸಿದ ಪ್ರತಿ ಬೆಲೆಯೂ ಅನುಮಾನಕ್ಕೆ ಬೀಳುತ್ತದೆ. ಎರಡನೆಯವರ 3,200 ನಿಜವಾದ ಬೆಲೆಯೋ, ಜಿದ್ದಿನ ಬೆಲೆಯೋ ಹೇಳುವವರು ಯಾರು? ನ್ಯಾಯವಾಗಿ ನೋಡಿದರೆ ಸುಳ್ಳು ಕೂಗಿದವನ ಬಿಡ್‌ಗಳನ್ನೆಲ್ಲ ಅಳಿಸಿ, ಉಳಿದವರಲ್ಲಿ ಯಾರು ಎಲ್ಲಿಗೆ ನಿಲ್ಲುತ್ತಿದ್ದರು ಅಂತ ನೋಡಬೇಕು. ಅಂದರೆ 1,800ರ ಮೇಲೆ ಒಂದು ಮೆಟ್ಟಿಲು, 1,900. ಮಾರುವವರಿಗೆ ಇದು ಕಹಿ. ಆದರೆ 3,200 ಕೇಳಿದರೆ ಇನ್ನೊಂದು ಅನುಮಾನ ಹುಟ್ಟುತ್ತದೆ. ಆ ಮೊದಲನೆಯವನು ಮಾರುವವನ ಕಡೆಯ ಮನುಷ್ಯನೇ ಇರಬಹುದಲ್ಲ?

ಈ ಅನುಮಾನ ಸುಮ್ನೆ ಬಂದದ್ದಲ್ಲ. ಹರಾಜಿನ ಲೋಕದಲ್ಲಿ ಕೈ ಎತ್ತುವುದನ್ನೇ ಆಯುಧ ಮಾಡಿಕೊಂಡ ಎರಡು ಹಳೆಯ ಮೋಸಗಳಿವೆ. ಮೊದಲನೆಯದು ಮಾರುವವನದು. ತನ್ನ ಕಡೆಯವನನ್ನು ಬಿಟ್ಟು ಬೆಲೆ ಏರಿಸುವುದು. ಅವನೇ ಗೆದ್ದುಬಿಟ್ಟರೆ, "ಅಯ್ಯೋ, ಗೆದ್ದವರು ಬೇಡ ಅಂದ್ರು, ನಿಮ್ಮ ಬೆಲೆಗೆ ನೀವೇ ತಗೊಳ್ಳಿ" ಅಂತ ಎರಡನೆಯವರಿಗೆ ಗಂಟು ಹಾಕುವುದು.

ಎರಡನೆಯದು ಕೊಳ್ಳುವವರದು, ಇನ್ನೂ ಚಾಲಾಕು. ಇಬ್ಬರು ಸೇರಿಕೊಳ್ಳುತ್ತಾರೆ. ಒಬ್ಬ ಶುರುವಿನಲ್ಲೇ ಕಡಿಮೆ ಬೆಲೆಗೆ ಕೂಗುತ್ತಾನೆ. ಇನ್ನೊಬ್ಬ ಕೂಡಲೇ ಆಕಾಶಕ್ಕೆ ಏರಿಸುತ್ತಾನೆ. ಹತ್ತು ಸಾವಿರದ ವಸ್ತುವಿಗೆ ಒಂದು ಲಕ್ಷ. ನಿಜವಾದ ಗಿರಾಕಿಗಳು "ಇದು ನಮ್ಮ ಕೈಗೆ ಎಟುಕಲ್ಲ" ಅಂತ ಎದ್ದು ಹೋಗುತ್ತಾರೆ. ಹರಾಜು ಮುಗಿಯುವ ಹೊತ್ತಿಗೆ, ಇಲ್ಲವೇ ಮುಗಿದ ಮೇಲೆ, ದೊಡ್ಡ ಬಿಡ್ಡಿನವನು ಮಾಯ. ಎರಡನೆಯವನಿಗೆ ಕೊಡುವ ನಿಯಮ ಇದ್ದರೆ ಮುಗಿಯಿತು. ಗೆಳೆಯನಿಗೆ ವಸ್ತು ಪುಕ್ಕಟೆಯ ಬೆಲೆಗೆ ಸಿಕ್ಕಿತು. ಒಂದು ಸಾವಿರ ರೂಪಾಯಿ ಮೂಲ ಬೆಲೆಯ ನಂಬರಿಗೆ ಕೋಟಿ ಕೂಗುವುದನ್ನು ನೋಡಿದಾಗ, ಇದು ಹುಚ್ಚೋ ಲೆಕ್ಕಾಚಾರವೋ ಅಂತ ಕೇಳಬೇಕಾಗುತ್ತದೆ. ಯಾವುದೋ ಒಂದು ಪ್ರಕರಣ ಹೀಗೇ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ಠೇವಣಿ ಚಿಲ್ಲರೆಯಾಗಿದ್ದರೆ ಹೀಗೆ ಮಾಡಲು ಏನೂ ಅಡ್ಡಿಯಿಲ್ಲ ಅಂತಷ್ಟೇ.

ಹಾಗಾಗಿಯೇ ಸರ್ಕಾರಿ ವ್ಯವಹಾರಗಳಲ್ಲಿ ಸಾಮಾನ್ಯವಾಗಿ ಎರಡನೆಯವರಿಗೆ ಕೊಟ್ಟು ಕೈ ತೊಳೆದುಕೊಳ್ಳುವುದನ್ನು ಒಪ್ಪುವುದಿಲ್ಲ. ಟೆಂಡರಿನಲ್ಲಿ ಕಡಿಮೆ ದರ ಹೇಳಿ ಮೊದಲು ಬಂದವನು ಹಿಂದೆ ಸರಿದರೆ ಮತ್ತೆ ಟೆಂಡರ್ ಕರೆಯಿರಿ ಎಂದು ಕೇಂದ್ರ ಜಾಗೃತ ಆಯೋಗ 2007ರಲ್ಲೇ ಹೇಳಿದೆ. ಅದು ಕೊಳ್ಳುವ ಟೆಂಡರಿನ ಮಾತು, ಮಾರುವ ಹರಾಜಿನದಲ್ಲ. ಆದರೆ ತರ್ಕ ಒಂದೇ. ಒಬ್ಬ ಸರಿದು ಇನ್ನೊಬ್ಬನಿಗೆ ದಾರಿ ಬಿಡುವುದು ಲಾಭದ ಕೆಲಸ ಆಗಬಾರದು. ಮರುಹರಾಜಿಗೆ ಖರ್ಚಿದೆ, ತಡ ಇದೆ. ಆದರೂ ದೊಡ್ಡ ಮೊತ್ತದ ವಸ್ತುವಿಗೆ ಅದೇ ಸರಿ ಅಂತ ನನ್ನ ಎಣಿಕೆ. 3 ಸಾವಿರದ ವಾಚಿಗೆ ಮಾತ್ರ ಅಷ್ಟೆಲ್ಲ ಯಾಕೆ ಬೇಕು. ಎರಡನೆಯವರ ಹತ್ತಿರ ಕೂತು ಮಾತಾಡಿ ಮುಗಿಸುವುದೇ ವಾಸಿ.

ಕೈ ಎತ್ತುವವರೆಲ್ಲ ಮೋಸಗಾರರಲ್ಲ, ಇದನ್ನೂ ಹೇಳಬೇಕು. ನನಗೆ ಕಂಡ ಮಟ್ಟಿಗೆ ಜಾಸ್ತಿ ಜನ ಬಿಸಿಯಲ್ಲಿ ಕೂಗಿದವರು. ಕೊನೆಯ 5 ನಿಮಿಷದಲ್ಲಿ ಬಿಡ್ ಬಂದರೆ ಸಮಯ ಇನ್ನೂ 5 ನಿಮಿಷ ಮುಂದೆ ಹೋಗುವ ವ್ಯವಸ್ಥೆ ಬಹಳ ಇ-ಹರಾಜುಗಳಲ್ಲಿದೆ. ಆ 5 ನಿಮಿಷ ಒಂದು ಗಂಟೆಯಾಗಿ, ಎರಡು ಗಂಟೆಯಾಗಿ, ವಸ್ತು ಮರೆತೇ ಹೋಗಿ, ಎದುರಿನವನನ್ನು ಸೋಲಿಸುವುದೊಂದೇ ಉಳಿಯುತ್ತದೆ. ಬೆಳಿಗ್ಗೆ ಎದ್ದಾಗ ಅಮಲು ಇಳಿದಿರುತ್ತದೆ. ಕೆಲವರು ಒಂದು ಸೊನ್ನೆ ಜಾಸ್ತಿ ಒತ್ತಿರುತ್ತಾರೆ. ಕೆಲವರು ಸಾಲ ಸಿಗುತ್ತದೆ ಅಂತ ನಂಬಿ ಕೂಗಿರುತ್ತಾರೆ. ಹುಡುಗರು ಅಪ್ಪನ ಮೊಬೈಲಿನಲ್ಲಿ ಕೂಗಿದ್ದೂ ಉಂಟು. 18 ತುಂಬದವರ ಜತೆ ಮಾಡಿದ ಕರಾರಿಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ, ಹಾಗಾಗಿ ಅಲ್ಲಿ ಮಾರುವವರು ಸುಮ್ಮನಾಗುವುದೇ ದಾರಿ.

ಇನ್ನೊಂದು ಕಾರಣ ಹರಾಜಿನ ಹುಟ್ಟಿನಲ್ಲೇ ಇದೆ. ಅಮೆರಿಕದ ಅಟ್ಲಾಂಟಿಕ್ ರಿಚ್‌ಫೀಲ್ಡ್ ಎಂಬ ತೈಲ ಕಂಪನಿಯ ಮೂವರು ಎಂಜಿನಿಯರುಗಳು 1971ರಲ್ಲಿ ಒಂದು ಪ್ರಬಂಧ ಬರೆದರು. ಸಮುದ್ರದ ತಳದ ತೈಲದ ಜಾಗಗಳನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಅಂದುಕೊಂಡಷ್ಟು ಲಾಭ ಯಾಕೆ ಬರುತ್ತಿಲ್ಲ ಎಂಬುದು ಅವರ ಪ್ರಶ್ನೆ. ಉತ್ತರ ಸರಳ. ಹತ್ತು ಜನ ಒಂದೇ ವಸ್ತುವಿಗೆ ಅಂದಾಜು ಹಾಕಿದರೆ, ಗೆಲ್ಲುವವನು ಎಲ್ಲರಿಗಿಂತ ಜಾಸ್ತಿ ಅಂದಾಜು ಹಾಕಿದವನೇ. ಅಂದರೆ ಎಲ್ಲರಿಗಿಂತ ಜಾಸ್ತಿ ತಪ್ಪಿದವನು. ಗೆದ್ದವನ ಶಾಪ ಅಂತ ಅರ್ಥಶಾಸ್ತ್ರದಲ್ಲಿ ಇದಕ್ಕೆ ಹೆಸರು. ಆ ಶಾಪ ತಟ್ಟಿತು ಅಂತ ಗೊತ್ತಾದ ಗಳಿಗೆಯಲ್ಲಿ ಓಡಿ ಹೋಗಲು ಬಾಗಿಲು ತೆರೆದಿದ್ದರೆ ಯಾರು ತಾನೇ ಓಡುವುದಿಲ್ಲ?

ಕಾನೂನು ಏನು ಹೇಳುತ್ತದೆ? 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಹರಾಜಿನದೇ. ಸುತ್ತಿಗೆ ಬಿದ್ದಾಗ, ಇಲ್ಲವೇ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಮುಗಿಯಿತೆಂದು ಸಾರಿದಾಗ ಮಾರಾಟ ಪೂರ್ತಿ. ಅಲ್ಲಿಯವರೆಗೆ ಕೂಗಿದವನು ತನ್ನ ಬಿಡ್ ವಾಪಸ್ ತಗೊಳ್ಳಬಹುದು. ಆನ್‌ಲೈನಿನಲ್ಲಿ ಸುತ್ತಿಗೆಯ ಜಾಗದಲ್ಲಿ ಗಡಿಯಾರ ಕೂತಿದೆ. ಆದರೆ ಬಿಡ್ ವಾಪಸ್ ತಗೊಂಡರೆ ಠೇವಣಿ ಹೋಗುತ್ತದೆ ಎಂಬ ಷರತ್ತನ್ನು ಮೊದಲೇ ಹಾಕಿದ್ದರೆ ಅದು ನಡೆಯುತ್ತದೆ. ಹೆದ್ದಾರಿ ಪ್ರಾಧಿಕಾರದ ಒಂದು ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ.

ಗಡಿಯಾರ ನಿಂತ ಮೇಲೆ ಕೈ ಎತ್ತಿದರೆ ಅದು ಕರಾರು ಮುರಿದ ಹಾಗೆ. ಆಗ ನಷ್ಟ ಕೇಳಬಹುದು. ಇಲ್ಲಿ ಸಣ್ಣ ಮಾರಾಟಗಾರರು ತಿಳಿದಿರಬೇಕಾದ ಒಂದು ಸಂಗತಿ ಅದೇ ಕಾಯ್ದೆಯ 54ನೇ ಸೆಕ್ಷನ್ನಿನಲ್ಲಿದೆ. ದುಡ್ಡು ಬಾರದಿದ್ದಾಗ ವಸ್ತುವನ್ನು ಬೇರೆಯವರಿಗೆ ಮಾರುವ ಮುಂಚೆ, "ಇಂಥ ದಿನದ ಒಳಗೆ ಕೊಡದಿದ್ದರೆ ಬೇರೆಯವರಿಗೆ ಮಾರುತ್ತೇನೆ" ಅಂತ ಮೊದಲನೆಯವನಿಗೆ ತಿಳಿಸಬೇಕು. ತಿಳಿಸಿ ಮಾರಿದರೆ ಕಡಿಮೆ ಬಿದ್ದ ದುಡ್ಡನ್ನು ಅವನಿಂದ ಕೇಳುವ ಹಕ್ಕು ಇರುತ್ತದೆ. ತಿಳಿಸದೆ ಮಾರಿದರೆ ಆ ಹಕ್ಕು ಹೋಗುತ್ತದೆ. ಜಾಸ್ತಿ ಬೆಲೆ ಬಂದರೆ ಆ ಲಾಭವನ್ನೂ ಅವನೇ ಕೇಳಬಹುದು! ಹಾಗಾಗಿ ಸಿಟ್ಟಿನಲ್ಲಿ ಬ್ಲಾಕ್ ಮಾಡುವ ಮೊದಲು ದಿನಾಂಕ ಹಾಕಿ ಒಂದು ಸಂದೇಶ ಕಳಿಸಿಬಿಡಿ. 1,300 ರೂಪಾಯಿಗೆ ಯಾರೂ ಕೋರ್ಟಿಗೆ ಹೋಗಲ್ಲ, ಅದು ಬೇರೆ ಮಾತು.

ಕೋಟಿಗಳ ಮಾತು ಬಂದಾಗ ಜನ ಕೋರ್ಟಿಗೆ ಹೋಗಿದ್ದಾರೆ. ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸ್ವಾರಸ್ಯ ಗೊತ್ತಾಗುತ್ತದೆ.

ಮೊದಲನೆಯದು ದೆಹಲಿಯದು. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1982ರಲ್ಲಿ ಭಿಕಾಜಿ ಕಾಮಾ ಪ್ಲೇಸಿನ ಒಂದು ಸೈಟನ್ನು ಹರಾಜು ಹಾಕಿತು. ಕೈಲಾಶ್ ನಾಥ್ ಅಸೋಸಿಯೇಟ್ಸ್ 3.12 ಕೋಟಿ ಕೂಗಿ, ಕಾಲು ಭಾಗ ಅಂದರೆ 78 ಲಕ್ಷ ಕಟ್ಟಿತು. ಉಳಿದದ್ದಕ್ಕೆ ಗಡುವು ಮುಂದೆ ಹೋಗುತ್ತಾ ಹೋಯಿತು. ಕೊನೆಗೆ ಪ್ರಾಧಿಕಾರ ಹಂಚಿಕೆ ರದ್ದು ಮಾಡಿ 78 ಲಕ್ಷ ಮುಟ್ಟುಗೋಲು ಹಾಕಿಕೊಂಡಿತು. ಅದೇ ಸೈಟು ಆಮೇಲೆ 11.78 ಕೋಟಿಗೆ ಹೋಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಇಲ್ಲಿ ಕೊಳ್ಳುವವರು ಕರಾರು ಮುರಿದೇ ಇಲ್ಲ. ಅದೂ ಅಲ್ಲದೆ ನಿಮಗೆ ನಷ್ಟವೇ ಆಗಿಲ್ಲ, ಮತ್ತೆ ಯಾವ ಲೆಕ್ಕಕ್ಕೆ ಆ ದುಡ್ಡು ಇಟ್ಟುಕೊಳ್ಳುತ್ತೀರಿ? ವಾಪಸ್ ಕೊಡಿ.

ಎರಡನೆಯದು ಚೆನ್ನೈ ಕಡೆಯದು. ಸಾಲ ತೀರಿಸದ ಕಂಪನಿಯೊಂದರ ಆಸ್ತಿಯನ್ನು ಸೆಂಟ್ರಲ್ ಬ್ಯಾಂಕ್ 2016ರ ಡಿಸೆಂಬರಿನಲ್ಲಿ ಇ-ಹರಾಜು ಹಾಕಿತು. ನೋಟು ರದ್ದಾಗಿ ಒಂದು ತಿಂಗಳು, ಎಟಿಎಂ ಮುಂದೆ ಸಾಲು ಇನ್ನೂ ಕರಗಿರಲಿಲ್ಲ. ಒಬ್ಬರು 12.27 ಕೋಟಿ ಕೂಗಿ ಗೆದ್ದರು. ಕಾಲು ಭಾಗ, ಸುಮಾರು 3.06 ಕೋಟಿ ಕಟ್ಟಿದರು. ಉಳಿದದ್ದನ್ನು ಕೊಟ್ಟ ಸಮಯದಲ್ಲಿ ಹೊಂದಿಸಲು ಆಗಲಿಲ್ಲ. ಬ್ಯಾಂಕು ಅಷ್ಟನ್ನೂ ಮುಟ್ಟುಗೋಲು ಹಾಕಿತು. ಮರುಹರಾಜಿನಲ್ಲಿ ಆಸ್ತಿ 14.76 ಕೋಟಿಗೆ ಹೋಯಿತು. ಅಂದರೆ ಬ್ಯಾಂಕಿಗೆ ಇಲ್ಲೂ ಲಾಭವೇ. ದೆಹಲಿಯ ತೀರ್ಪಿನ ಪ್ರಕಾರ ದುಡ್ಡು ವಾಪಸ್ ಬರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಬರಲಿಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಇದು ಮಾಮೂಲಿ ಕರಾರಲ್ಲ, ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕುಗಳು ಮಾರಲು ಇರುವ ಸರ್ಫೇಸಿ ಎಂಬ ವಿಶೇಷ ಕಾನೂನಿನ ಹರಾಜು, ಇಲ್ಲಿ ಕರಾರು ಕಾಯ್ದೆಯ 73, 74ನೇ ಸೆಕ್ಷನ್ನುಗಳ ನಷ್ಟದ ಲೆಕ್ಕ ನಡೆಯುವುದಿಲ್ಲ ಎಂದಿತು. ದುಡ್ಡು ಹೊಂದಿಸಲು ಆಗಲಿಲ್ಲ ಎಂಬುದು ವಿನಾಯಿತಿಗೆ ಕಾರಣವಲ್ಲ ಎಂದೂ ಹೇಳಿತು. ಸ್ವಲ್ಪ ಕಡಿದುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾ ಹೋದರೆ ಸುಳ್ಳು ಬಿಡ್ಡುಗಳಿಗೆ ದಾರಿ ಮಾಡಿಕೊಟ್ಟ ಹಾಗೆ ಎಂಬುದು ಕೋರ್ಟಿನ ಆತಂಕ.

ಆ ಆತಂಕಕ್ಕೆ ಅರ್ಥವಿದೆ. ಸಾಲಗಾರನೇ ತನ್ನ ಭಾವಮೈದುನನನ್ನೋ ಸ್ನೇಹಿತನನ್ನೋ ಬಿಟ್ಟು ಜಾಸ್ತಿ ಕೂಗಿಸಿ, ಆಮೇಲೆ ಕೈ ಎತ್ತಿಸಿದರೆ ಮನೆ ಇನ್ನೊಂದು ಆರು ತಿಂಗಳು ಕೈಯಲ್ಲೇ ಉಳಿಯುತ್ತದೆ. 3 ಕೋಟಿ ಹೋಗುತ್ತದೆ ಅಂದರೆ ಯಾವ ಭಾವಮೈದುನನೂ ಮುಂದೆ ಬರಲ್ಲ.

ನಮ್ಮ ಊರುಗಳಲ್ಲಿ ಈಗ ಮಧ್ಯಮ ವರ್ಗದವರು ಜಾಸ್ತಿ ಕಾಲಿಡುತ್ತಿರುವುದು ಈ ಬ್ಯಾಂಕ್ ಹರಾಜುಗಳಿಗೇ. ಪತ್ರಿಕೆಯ ಮಧ್ಯದ ಪುಟದಲ್ಲಿ ಸಣ್ಣ ಅಕ್ಷರದ ಜಾಹೀರಾತು ಬರುತ್ತದಲ್ಲ, ಅದೇ. ಸರ್ಕಾರಿ ಬ್ಯಾಂಕುಗಳ ಆಸ್ತಿಗಳನ್ನು ಒಂದೇ ಕಡೆ ನೋಡಲು ಬ್ಯಾಂಕ್‌ನೆಟ್ ಎಂಬ ಪೋರ್ಟಲ್ 2025ರ ಜನವರಿಯಲ್ಲಿ ಬಂತು. ಫ್ಲ್ಯಾಟು ಮಾರುಕಟ್ಟೆಗಿಂತ ಕಡಿಮೆಗೆ ಸಿಗುತ್ತದೆ ಎಂಬ ಆಸೆ. ಸಿಗುವುದೂ ಉಂಟು. ಆದರೆ ಗಡಿಯಾರ ನೋಡಿ. ಸಾಮಾನ್ಯವಾಗಿ ರಿಸರ್ವ್ ಬೆಲೆಯ, ಅಂದರೆ ಬ್ಯಾಂಕು ಇಟ್ಟ ಕನಿಷ್ಠ ಬೆಲೆಯ, ಶೇ 10ರಷ್ಟು ಠೇವಣಿ ಮೊದಲೇ ಕಟ್ಟಬೇಕು. ಗೆದ್ದ ದಿನ, ತಪ್ಪಿದರೆ ಮರುದಿನದ ಕೆಲಸದ ಹೊತ್ತಿನೊಳಗೆ, ಠೇವಣಿಯೂ ಸೇರಿ ಕೂಗಿದ ಬೆಲೆಯ ಶೇ 25 ತುಂಬಿರಬೇಕು. ಮಾರಾಟ ಖಚಿತವಾದ 15 ದಿನದಲ್ಲಿ ಉಳಿದ ಶೇ 75. ಬರಹದಲ್ಲಿ ಒಪ್ಪಿಗೆ ಸಿಕ್ಕರೆ ಮೂರು ತಿಂಗಳವರೆಗೆ ಎಳೆಯಬಹುದು, ಅದರ ಮೇಲೆ ಇಲ್ಲ. 80 ಲಕ್ಷಕ್ಕೆ ಗೆದ್ದರೆ ನಾಳೆ ಸಂಜೆಯೊಳಗೆ 20 ಲಕ್ಷ, 15 ದಿನದಲ್ಲಿ 60 ಲಕ್ಷ. ಹೋಮ್ ಲೋನ್ ಆಗುತ್ತದೆ ಬಿಡಿ ಎಂಬ ಧೈರ್ಯದಲ್ಲಿ ಕೂಗಿದವರು ಸಿಕ್ಕಿಬೀಳುವುದು ಇಲ್ಲೇ. ಲೋನ್ ಕೊಡುವ ಬ್ಯಾಂಕಿನ ವಕೀಲರು ಮೂಲ ಪತ್ರ, ಖಾತಾ, ತೆರಿಗೆ ಬಾಕಿ ಅಂತ ಕೂತರೆ 15 ದಿನ ಕಣ್ಣು ಮುಚ್ಚಿ ಬಿಡುವುದರೊಳಗೆ ಹೋಗಿರುತ್ತದೆ. ಆಗ ಹೋಗುವುದು 11 ಸಾವಿರ ಅಲ್ಲ, 20 ಲಕ್ಷ.

ಬಿಡಿಎ ಮೂಲೆ ಸೈಟುಗಳ ಇ-ಹರಾಜಿನ ಅಚ್ಚೂ ಹೆಚ್ಚುಕಡಿಮೆ ಇದೇ. ಮೊದಲು ಠೇವಣಿ, ಗೆದ್ದ ಕೂಡಲೇ ಒಂದು ದೊಡ್ಡ ಕಂತು, ಆಮೇಲೆ ಉಳಿದದ್ದು.

ಇಲ್ಲಿ ನನಗೆ ಒಂದು ತಕರಾರಿದೆ. ಬ್ಯಾಂಕ್ ಹರಾಜಿನಲ್ಲಿ ಆಸ್ತಿ ಕೊಡುವುದು ಇದ್ದಲ್ಲಿ ಇದ್ದಂತೆ ಎಂಬ ಷರತ್ತಿನ ಮೇಲೆ. ಒಳಗೆ ಬಾಡಿಗೆದಾರ ಕೂತಿದ್ದಾನಾ, ಆಸ್ತಿ ಪಾಲಿನ ಕೇಸು ನಡೆಯುತ್ತಿದೆಯಾ, ಇದನ್ನೆಲ್ಲ ಕೊಳ್ಳುವವರೇ ಹುಡುಕಿಕೊಳ್ಳಬೇಕು. ಆದರೆ ಹುಡುಕಲು ಬೇಕಾದ ಕಾಗದಗಳು ಬ್ಯಾಂಕಿನ ಹತ್ತಿರ ಇರುತ್ತವೆ, ಗಿರಾಕಿಯ ಹತ್ತಿರ ಅಲ್ಲ. ಕೈ ಎತ್ತಿದವನಿಗೆ ಶೇ 25 ದಂಡ ಸರಿ ಅನ್ನುವುದಾದರೆ, ಎಲ್ಲ ಕಾಗದವನ್ನೂ ಹರಾಜಿಗೆ ಮುಂಚೆ ಪೋರ್ಟಲಿನಲ್ಲಿ ಹಾಕುವ ಕೆಲಸವೂ ಕಡ್ಡಾಯ ಆಗಬೇಕು. ಒಂದು ಕಡೆ ಮಾತ್ರ ಬಿಗಿ ಮಾಡಿದ ಹಗ್ಗ ಇದು.

ಅಮೆರಿಕದ ಆನ್‌ಲೈನ್ ಹರಾಜಿನ ತಾಣ ಇಬೇ 1995ರಿಂದ ಈ ತಲೆನೋವನ್ನು ಅನುಭವಿಸುತ್ತಾ ಬಂದಿದೆ. ಅಲ್ಲಿ ಮಾಮೂಲಿ ಹರಾಜಿಗೆ ಠೇವಣಿ ಇಲ್ಲ. ಗೆದ್ದವನು 4 ದಿನದಲ್ಲಿ ದುಡ್ಡು ಕೊಡದಿದ್ದರೆ ಮಾರುವವರು ರದ್ದು ಮಾಡಬಹುದು, ಕಮಿಷನ್ ವಾಪಸ್ ಸಿಗುತ್ತದೆ, ಕೊಳ್ಳುವವನ ಖಾತೆಗೆ ಒಂದು ಕಪ್ಪು ಚುಕ್ಕೆ ಬೀಳುತ್ತದೆ. ಅಂಥ ಚುಕ್ಕೆಗಳು ಇರುವವರು ತಮ್ಮ ವಸ್ತುಗಳಿಗೆ ಕೂಗದ ಹಾಗೆ ಮಾರುವವರು ತಡೆಯಬಹುದು. ಎರಡನೆಯವರಿಗೆ ಕೊಡುವ ಅವಕಾಶವೂ ಇದೆ. ಮೊದಲು ಮಾರುವವರೂ ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯಬಹುದಿತ್ತು. ಅದು ಸೇಡಿನ ಜಗಳಕ್ಕೆ ತಿರುಗಿತು ಅಂತ 2008ರಲ್ಲಿ ಅದನ್ನು ತೆಗೆದರು. ಅಲ್ಲಿಗೆ ಊರಿನ ಕಣ್ಣು ಅರ್ಧ ಮುಚ್ಚಿತು. ಮಾರುವವರ ಗೊಣಗಾಟ ಇವತ್ತಿಗೂ ನಿಂತಿಲ್ಲ. ನಮ್ಮಲ್ಲಿ ಇಬೇ 2004ರಲ್ಲಿ ಬಾಜಿ ಕಂಪನಿಯನ್ನು ಕೊಂಡು ಒಳಗೆ ಬಂತು, 2018ರಲ್ಲಿ ಅಂಗಡಿ ಮುಚ್ಚಿತು. ಆ ಜಾಗ ಈಗ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳದು. ಅಲ್ಲಿ ಕಪ್ಪು ಚುಕ್ಕೆ ಇಡಲೂ ಜಾಗವಿಲ್ಲ. ಗುಂಪಿನಿಂದ ತೆಗೆದರೆ ಬೇರೆ ನಂಬರಿನಿಂದ ಮತ್ತೆ ಒಳಗೆ.

ಹಾಗಾದರೆ ಏನು ಮಾಡಬಹುದು? ಠೇವಣಿ ಏರಿಸಿ ಅಂತ ಹೇಳುವುದು ಸುಲಭ. ಹರಿಯಾಣದಲ್ಲಿ ಮೊದಲೇ 10 ಲಕ್ಷ ಕಟ್ಟಿ ಅಂದಿದ್ದರೆ ಆ ನಂಬರಿಗೆ 45 ಜನ ಬರುತ್ತಿರಲಿಲ್ಲ, ನಾಲ್ಕು ಜನ ಬರುತ್ತಿದ್ದರು. 60 ಸಾವಿರಕ್ಕೆ ಸಿಕ್ಕರೆ ಸಿಗಲಿ ಅಂತ ಬಂದ ಸಣ್ಣ ಆಸಾಮಿಗೆ ಬಾಗಿಲು ಮುಚ್ಚಿದ ಹಾಗೆ. ಠೇವಣಿ ದೊಡ್ಡದಾಗುವುದು ಮುಖ್ಯ ಅಲ್ಲ. ಕೂಗಿದ ಬೆಲೆಯ ಜತೆ ಅದೂ ಏರಬೇಕು, ಅಷ್ಟೇ. 60 ಸಾವಿರ ಕೂಗುವವನಿಗೆ 6 ಸಾವಿರ, ಕೋಟಿ ಕೂಗುವವನಿಗೆ 10 ಲಕ್ಷ.

ಇದಕ್ಕೆ ಬೇಕಾದ ಯಂತ್ರ ನಮ್ಮ ಹತ್ತಿರ ಆಗಲೇ ಇದೆ. ಐಪಿಒಗೆ, ಅಂದರೆ ಕಂಪನಿಯೊಂದು ಮೊದಲ ಸಲ ಜನರಿಗೆ ಷೇರು ಮಾರುವಾಗ, ಅರ್ಜಿ ಹಾಕಿದವರಿಗೆ ಗೊತ್ತು. ದುಡ್ಡು ನಮ್ಮ ಖಾತೆಯಲ್ಲೇ ಇರುತ್ತದೆ, ಬಡ್ಡಿಯೂ ಬರುತ್ತದೆ, ಆದರೆ ಮುಟ್ಟುವ ಹಾಗಿಲ್ಲ. ಷೇರು ಬಂದರೆ ಕಡಿತ, ಬಾರದಿದ್ದರೆ ಬೀಗ ತೆಗೆಯುತ್ತದೆ. 2016ರಿಂದ ಐಪಿಒ ಅರ್ಜಿಗಳಿಗೆ ಈ ವ್ಯವಸ್ಥೆ ಕಡ್ಡಾಯ. 2019ರಿಂದ ಯುಪಿಐ ಮೂಲಕವೂ ಆಗುತ್ತಿದೆ, ಫೋನಿನಲ್ಲಿ ಪಿನ್ ಒತ್ತಿದರೆ ಸಾಕು. ಹರಾಜಿನಲ್ಲೂ ಪ್ರತಿ ಮೆಟ್ಟಿಲಿಗೆ ಕೂಗಿದ ಬೆಲೆಯ ಶೇ 10ಕ್ಕೆ ಹೀಗೆ ಬೀಗ ಬಿದ್ದರೆ? 1.17 ಕೋಟಿ ಕೂಗಬೇಕಾದರೆ ಖಾತೆಯಲ್ಲಿ 11.7 ಲಕ್ಷ ಇರಲೇಬೇಕು. ಇಲ್ಲದಿದ್ದರೆ ಬಟನ್ ಒತ್ತಿದರೂ ಬಿಡ್ ಹೋಗುವುದಿಲ್ಲ. ಯುಪಿಐ ಮಿತಿ ದಾಟುವ ಮೊತ್ತಕ್ಕೆ ನೇರ ಬ್ಯಾಂಕ್ ಖಾತೆಯ ದಾರಿ ಇದೆ. ಸೋತವರ ಬೀಗ ಅದೇ ರಾತ್ರಿ ತೆರೆಯಲಿ. ಸಚಿವರು ತನಿಖೆಗೆ ಆದೇಶ ಮಾಡುವ ಪ್ರಮೇಯವೇ ಬರಲ್ಲ. ಇನ್ನೂ ಒಂದು ಲಾಭ ಇದೆ. ಪಿನ್ ಒತ್ತುವ ಆ ಹತ್ತು ಸೆಕೆಂಡಿನಲ್ಲಿ ಜಿದ್ದಿನ ಬಿಸಿ ಸ್ವಲ್ಪ ಇಳಿಯುತ್ತದೆ. ಸೊನ್ನೆ ಜಾಸ್ತಿ ಒತ್ತಿದವರಿಗೂ ಅಲ್ಲೇ ಗೊತ್ತಾಗುತ್ತದೆ.

ನನ್ನ ಸ್ನೇಹಿತರು ಇಷ್ಟೆಲ್ಲ ಯಂತ್ರ ಇಲ್ಲದೆಯೇ ಒಂದು ನಿಯಮ ಮಾಡಿದ್ದಾರೆ. ಸಾವಿರ ದಾಟಿದ ಮೇಲೆ ಕೂಗಬೇಕಾದರೆ ಮೊದಲು 200 ರೂಪಾಯಿ ಕಳಿಸಿ, ಅದರ ಸ್ಕ್ರೀನ್‌ಶಾಟ್ ಗುಂಪಿಗೆ ಹಾಕಬೇಕು. ಎರಡು ಸಾವಿರ ದಾಟಿದರೆ ಇನ್ನೊಂದು 200. ಸೋತವರಿಗೆ ಅವತ್ತೇ ವಾಪಸ್. ಗೆದ್ದು ಕೈ ಎತ್ತಿದರೆ ಆ ದುಡ್ಡು ಎರಡನೆಯವರಿಗೆ ರಿಯಾಯಿತಿಯಾಗಿ ಹೋಗುತ್ತದೆ. ಸುಳ್ಳು ಕೂಗಿನಿಂದ ಜಾಸ್ತಿ ತೆರಬೇಕಾದವರು ಅವರೇ ತಾನೆ?

ಆ ಪೈಲಟ್ ವಾಚನ್ನು ಹೊಸ ನಿಯಮದಲ್ಲಿ ಮತ್ತೆ ಇಟ್ಟರು. ಹನ್ನೆರಡು ಜನರ ಜಾಗದಲ್ಲಿ ಐದು ಜನ ಕೂಗಿದರು. 2,150ಕ್ಕೆ ನಿಂತಿತು. ಇಪ್ಪತ್ತು ನಿಮಿಷದಲ್ಲಿ ಪೂರ್ತಿ ದುಡ್ಡು ಬಂತು. ಕೊಂಡವರು ಹಿಂದಿನ ಸಲ 3,200ಕ್ಕೆ ನಿಂತಿದ್ದವರೇ. ಮರುದಿನ ಸ್ನೇಹಿತರಿಗೆ ಫೋನ್ ಮಾಡಿದಾಗ ಅವರು ವಾಚನ್ನು ಡಬ್ಬಿಗೆ ಹಾಕಿ ಟೇಪ್ ಸುತ್ತುತ್ತಿದ್ದರು. "ಸಾವಿರ ರೂಪಾಯಿ ಕಡಿಮೆ ಆಯ್ತಲ್ಲ?" ಅಂದೆ. "ಆ ಸಾವಿರ ಬಂದೇ ಇರಲಿಲ್ವಲ್ಲ ಮಾರಾಯ," ಅಂದರು. ಆಮೇಲೆ ಸ್ವಲ್ಪ ತಡೆದು, "ಆದ್ರೆ ಗುಂಪಲ್ಲಿ ಮೊದಲಿನ ಗಲಾಟೆ ಇಲ್ಲ ನೋಡು," ಅಂತ ಗೊಣಗಿದರು.